ವಿಲಿಯಂ ಕೇರಿ

ವಿಲಿಯಂ ಕೇರಿ (೧೭ ಆಗಸ್ಟ್ ೧೭೬೧ – ೯ ಜೂನ್ ೧೮೩೪) ಇಂಗ್ಲೆಂಡಿನಲ್ಲಿ ಹುಟ್ಟಿ, ಬಂಗಾಳದಲ್ಲಿ ನಾಲ್ಕು ದಶಕಗಳ ಕಾಲ ದುಡಿದು, ಅಲ್ಲಿಯೇ ತೀರಿಕೊಂಡ ಬ್ಯಾಪ್ಟಿಸ್ಟ್ ಪಾದ್ರಿ, ಭಾಷಾ ವಿದ್ವಾಂಸ ಮತ್ತು ಸಸ್ಯಶಾಸ್ತ್ರಜ್ಞ. ಶ್ರೀರಾಮಪುರದ (ಸೆರಾಂಪೋರ್) ಮುದ್ರಣಾಲಯ ಮತ್ತು ಕಾಲೇಜಿನ ಸ್ಥಾಪಕರಲ್ಲಿ ಒಬ್ಬ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ ಮತ್ತು ಮರಾಠಿ ಭಾಷೆಗಳ ಅಧ್ಯಾಪಕನಾಗಿದ್ದ. ಬಂಗಾಳಿ ಗದ್ಯದ ಆರಂಭಕಾಲದ ಇತಿಹಾಸದಲ್ಲಿ ಈತನ ಹೆಸರು ತಪ್ಪದೆ ಬರುತ್ತದೆ. ಕನ್ನಡಕ್ಕೂ ಈತನಿಗೂ ಒಂದು ನಂಟಿದೆ. ಇಂಗ್ಲಿಷಿನಲ್ಲಿ ಬರೆದು ಅಚ್ಚಾದ ಮೊದಮೊದಲ ಕನ್ನಡ ವ್ಯಾಕರಣಗಳಲ್ಲಿ ಒಂದು ಈತನದು. ಅದು ಪ್ರಕಟವಾದದ್ದು ೧೮೧೭ರಲ್ಲಿ.

ಇದೇ ಹೆಸರಿನ ಇತರರು

ಇಂಗ್ಲೆಂಡಿನ ಇತಿಹಾಸವನ್ನು ಓದುವವರಿಗೆ ವಿಲಿಯಂ ಕೇರಿ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಬಾರಿ ಎದುರಾಗುತ್ತದೆ. ಅವರಲ್ಲಿ ಹಳಬನು ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದ ವಿಲಿಯಂ ಕೇರಿ. ರಾಣಿ ಆನ್ ಬೊಲಿನಳ ಸೋದರಿ ಮೇರಿ ಬೊಲಿನಳ ಗಂಡನಾದ ಈತ ೧೫೨೮ರಲ್ಲಿ, ಆಗ ಇಂಗ್ಲೆಂಡಿನಲ್ಲಿ ಹಬ್ಬಿದ್ದ ಬೆವರುಜ್ವರಕ್ಕೆ ಬಲಿಯಾದ. ಈತನ ಮಗ ಹೆನ್ರಿ ಕೇರಿ ಮುಂದೆ ಷೇಕ್ಸ್‌ಪಿಯರ್ ಇದ್ದ ನಾಟಕ ಮಂಡಳಿಗೆ ಆಶ್ರಯದಾತನಾದ. ಎರಡನೆಯವನು ಐರ್ಲೆಂಡಿನ ಕೆತ್ತನೆಗಾರ ಮತ್ತು ಕಲಾವಿಮರ್ಶಕ ವಿಲಿಯಂ ಪಾಲೆಟ್ ಕೇರಿ (೧೭೫೯–೧೮೩೯). ಮೂರನೆಯವನು ಬಿಷಪ್ ವಿಲಿಯಂ ಕೇರಿ (೧೭೬೯–೧೮೪೬). ಈತ ವೆಸ್ಟ್‌ಮಿನ್‌ಸ್ಟರ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದು, ಅನಂತರ ಎಕ್ಸೆಟರಿನ ಮತ್ತು ಸೇಂಟ್ ಆಸಫಿನ ಬಿಷಪ್ ಆದ.

ಈ ಕೊನೆಯವನನ್ನೂ ಪ್ರಸ್ತುತ ಲೇಖನದ ಕೇರಿಯನ್ನೂ ಒಬ್ಬನೇ ಎಂದು ತಿಳಿಯುವ ಸಂಭವ ಹೆಚ್ಚು. ಇಬ್ಬರೂ ಒಂದೇ ಕಾಲದವರು, ಇಬ್ಬರೂ ಧರ್ಮಬೋಧಕರು, ಇಬ್ಬರೂ ಅಧ್ಯಾಪಕರು. ಆದರೆ ಒಬ್ಬ ಆಂಗ್ಲಿಕನ್ ಚರ್ಚಿನ ಉನ್ನತ ಪೀಠವನ್ನು ಏರಿದವನು. ಇನ್ನೊಬ್ಬ ಆ ಚರ್ಚಿನಿಂದ ಹೊರಬಂದು, ಜೋಡು ಹೊಲಿಯುತ್ತಲೇ ಭಾಷೆಗಳನ್ನು ಕಲಿತವನು. ಈ ಲೇಖನ ಎರಡನೆಯವನನ್ನು ಕುರಿತದ್ದು.

ಬಾಲ್ಯ ಮತ್ತು ಕಸುಬು

ಕೇರಿ ಹುಟ್ಟಿದ್ದು ನಾರ್ತಾಂಪ್ಟನ್‌ಷೈರಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ. ತಂದೆ ಎಡ್ಮಂಡ್ ನೇಕಾರ. ಮಗನಿಗೆ ಆರು ವರ್ಷವಾದಾಗ ಅದೇ ಊರಿನ ಶಾಲೆಯ ಉಪಾಧ್ಯಾಯನೂ ಚರ್ಚಿನ ಗುಮಾಸ್ತನೂ ಆದ. ಐದು ಮಕ್ಕಳಲ್ಲಿ ಕೇರಿಯೇ ಹಿರಿಯ. ಗಿಡ, ಹುಳು, ಹಕ್ಕಿಗಳನ್ನು ಕೂಡಿಹಾಕುವ ಹುಚ್ಚು ಚಿಕ್ಕಂದಿನಿಂದಲೇ ಇತ್ತು. ಕೆನಡಾದಲ್ಲಿ ಸೈನಿಕನಾಗಿದ್ದು ಹಿಂತಿರುಗಿ ತೋಟದ ಕೆಲಸ ಮಾಡುತ್ತಿದ್ದ ಚಿಕ್ಕಪ್ಪ ಪೀಟರ್ ಅದಕ್ಕೆ ನೀರೆರೆದ. ಬಿಸಿಲು ತಾಗಿದರೆ ಉಲ್ಬಣಿಸುವ ಚರ್ಮರೋಗವಿದ್ದ ಕಾರಣ ಹುಡುಗ ಹೊಲದ ಕೆಲಸಕ್ಕೆ ಒದಗಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನನ್ನು ಪಕ್ಕದ ಹಳ್ಳಿಯ ಕ್ಲಾರ್ಕ್ ನಿಕಲ್ಸ್ ಎಂಬ ಜೋಡು ಮಾಡುವವನ ಬಳಿ ಕಸುಬು ಕಲಿಯಲು ಬಿಡಲಾಯಿತು.

ಆ ಅಂಗಡಿಯಲ್ಲಿದ್ದ ಕೆಲವೇ ಪುಸ್ತಕಗಳಲ್ಲಿ ಬೈಬಲಿನ ಒಂದು ವ್ಯಾಖ್ಯಾನವಿತ್ತು. ಅದರಲ್ಲಿ ಅಲ್ಲಲ್ಲಿ ಗ್ರೀಕ್ ಪದಗಳಿದ್ದವು. ಓದಲು ಬಾರದ ಆ ಅಕ್ಷರಗಳೇ ಕೇರಿಯ ಭಾಷಾಭ್ಯಾಸಕ್ಕೆ ಮೊದಲ ಕಾರಣ. ಮುಂದಿನ ವರ್ಷಗಳಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ, ಡಚ್ ಮತ್ತು ಫ್ರೆಂಚ್ ಭಾಷೆಗಳನ್ನು ಬಹುಮಟ್ಟಿಗೆ ಸ್ವಂತ ಶ್ರಮದಿಂದ ಕಲಿತ. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಎಂದೂ ಹತ್ತಲಿಲ್ಲ.

ನಿಕಲ್ಸ್ ತೀರಿಕೊಂಡ ಮೇಲೆ ಇನ್ನೊಬ್ಬ ಯಜಮಾನನ ಬಳಿ ಕೆಲಸಕ್ಕಿದ್ದಾಗ, ೧೭೮೧ರ ಜೂನ್ ೧೦ರಂದು ಡೊರೊಥಿ ಪ್ಲಾಕೆಟ್ ಎಂಬಾಕೆಯನ್ನು ಮದುವೆಯಾದ. ಆಗ ಕೇರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ವಧು ಅವನಿಗಿಂತ ಹಿರಿಯಳು, ಅಕ್ಷರ ಬಾರದವಳು. ಮದುವೆಯ ದಾಖಲೆಯಲ್ಲಿ ಆಕೆ ಸಹಿಯ ಬದಲು ಗುರುತು ಹಾಕಿದ್ದಾಳೆ. ೧೭೮೩ರಲ್ಲಿ ಕೇರಿ ಬ್ಯಾಪ್ಟಿಸ್ಟ್ ಪಂಥಕ್ಕೆ ಸೇರಿದ. ೧೭೮೫ರಿಂದ ಮೌಲ್ಟನ್ ಎಂಬ ಊರಿನಲ್ಲಿ ಶಾಲೆ ನಡೆಸುತ್ತ, ಪಾದ್ರಿಯ ಕೆಲಸ ಮಾಡುತ್ತ, ಎರಡರಿಂದಲೂ ಹೊಟ್ಟೆ ತುಂಬದೆ ಜೋಡನ್ನೂ ಹೊಲಿಯುತ್ತಿದ್ದ. ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ವೃತ್ತಾಂತ ಕೈಗೆ ಸಿಕ್ಕಿದ್ದು ಈ ಕಾಲದಲ್ಲಿ. ಶಾಲೆಯ ಮಕ್ಕಳಿಗಾಗಿ ಚರ್ಮದ ತುಂಡುಗಳನ್ನು ಸೇರಿಸಿ ಭೂಗೋಳವನ್ನು ಮಾಡಿಕೊಂಡಿದ್ದ. ದೇಶದೇಶಗಳ ಜನಸಂಖ್ಯೆ ಮತ್ತು ಮತಧರ್ಮಗಳ ವಿವರವನ್ನು ಬರೆದ ಭೂಪಟವೊಂದು ಗೋಡೆಯ ಮೇಲೆ ಇರುತ್ತಿತ್ತು.

ಭಾರತಕ್ಕೆ ಪ್ರಯಾಣ

ಗೋಡೆಯ ಮೇಲಿನ ಈ ಟಿಪ್ಪಣಿಗಳೇ ಬೆಳೆದು ೧೭೯೨ರಲ್ಲಿ ಒಂದು ಕಿರುಹೊತ್ತಗೆಯಾಯಿತು. ಕ್ರೈಸ್ತರಲ್ಲದ ಜನರ ನಡುವೆ ಹೋಗಿ ಬೋಧಿಸುವುದು ಕ್ರೈಸ್ತರ ಕರ್ತವ್ಯವೆಂದು ಅದರ ವಾದ. ಅದೇ ವರ್ಷದ ಅಕ್ಟೋಬರ್ ೨ರಂದು ಕೆಟರಿಂಗ್ ಪಟ್ಟಣದ ಮನೆಯೊಂದರಲ್ಲಿ ಸೇರಿದ ಕೆಲವು ಮಂದಿ ಬ್ಯಾಪ್ಟಿಸ್ಟರು ಇದಕ್ಕಾಗಿ ಸಂಘವೊಂದನ್ನು ಸ್ಥಾಪಿಸಿದರು. ಅಂದು ಕೂಡಿದ ವಾಗ್ದಾನದ ಹಣ ೧೩ ಪೌಂಡು ೨ ಷಿಲಿಂಗ್ ೬ ಪೆನ್ಸ್. ಕೇರಿಯನ್ನು ಆಧುನಿಕ ಮಿಷನರಿ ಚಳವಳಿಯ ಜನಕನೆಂದು ಕರೆಯುವ ರೂಢಿಗೆ ಇದು ಆಧಾರ. ಆದರೆ ತರಂಗಂಬಾಡಿಗೆ ಡೇನಿಷ್ ಆಶ್ರಯದಲ್ಲಿ ಸೀಗನ್‌ಬಾಲ್ಗ್ ಬಂದಿಳಿದದ್ದು ೧೭೦೬ರಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು.

ಭಾರತದಲ್ಲಿ ಮೊದಲೇ ಇದ್ದು ಬಂದಿದ್ದ ಜಾನ್ ಥಾಮಸ್ ಎಂಬ ವೈದ್ಯನ ಜೊತೆಗೆ ಕೇರಿ ಹೊರಡುವುದೆಂದು ನಿಶ್ಚಯವಾಯಿತು. ಡೊರೊಥಿ ಒಪ್ಪಲಿಲ್ಲ. ಆಕೆ ತುಂಬು ಗರ್ಭಿಣಿ. ತನ್ನ ಊರಿನಿಂದ ದೂರ ಹೋದವಳಲ್ಲ. ಕೇರಿ ಹಿರಿಯ ಮಗ ಫೆಲಿಕ್ಸನನ್ನಷ್ಟೇ ಕರೆದುಕೊಂಡು ಹಡಗು ಹತ್ತಿದ. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲದ ಕಾರಣ ಅವರನ್ನು ಆ ಹಡಗಿನಿಂದ ಇಳಿಸಲಾಯಿತು. ಈ ತಡೆಯೇ ಡೊರೊಥಿಯ ಬದುಕನ್ನು ತಿರುಗಿಸಿತು. ಡೇನಿಷ್ ಹಡಗೊಂದು ಸಿಕ್ಕುವಷ್ಟರಲ್ಲಿ ಆಕೆಗೆ ಹೆರಿಗೆಯಾಗಿತ್ತು. ಥಾಮಸನ ಒತ್ತಾಯಕ್ಕೆ ಮಣಿದು, ತಂಗಿ ಕ್ಯಾಥರೀನ್ ಜೊತೆಗೆ ಬರುವಳೆಂಬ ಷರತ್ತಿನ ಮೇಲೆ ಆಕೆ ಹೊರಟಳು. ೧೭೯೩ರ ಜೂನ್‌ನಲ್ಲಿ ಹೊರಟ ಹಡಗು ನವೆಂಬರ್‌ನಲ್ಲಿ ಬಂಗಾಳವನ್ನು ತಲುಪಿತು. ಕೈಗೂಸು ಸೇರಿ ನಾಲ್ವರು ಗಂಡುಮಕ್ಕಳಿದ್ದರು. ಕೇರಿ ಮತ್ತೆಂದೂ ಇಂಗ್ಲೆಂಡನ್ನು ನೋಡಲಿಲ್ಲ.

ಮದ್ನಾಬತಿಯ ವರ್ಷಗಳು

ಮೊದಲ ತಿಂಗಳುಗಳು ಕಡುಕಷ್ಟದವು. ತಂದ ಹಣವನ್ನು ಥಾಮಸ್ ಕರಗಿಸಿದ. ಕುಟುಂಬವು ಕಲ್ಕತ್ತೆಯಿಂದ ಸುಂದರಬನದ ಅಂಚಿಗೆ ಹೋಯಿತು; ಡೊರೊಥಿಯೂ ಮಕ್ಕಳೂ ಆಮಶಂಕೆಯಿಂದ ನರಳಿದರು. ೧೭೯೪ರಲ್ಲಿ ಜಾರ್ಜ್ ಉಡ್ನಿ ಎಂಬ ಅಧಿಕಾರಿ ಉತ್ತರ ಬಂಗಾಳದ ಮದ್ನಾಬತಿಯಲ್ಲಿದ್ದ ತನ್ನ ನೀಲಿ ಕಾರ್ಖಾನೆಯ ಮೇಲ್ವಿಚಾರಣೆಯನ್ನು ಕೇರಿಗೆ ಕೊಟ್ಟ ಮೇಲೆ ಊಟಕ್ಕೆ ದಾರಿಯಾಯಿತು. ಸಂಬಳ ಬರತೊಡಗಿದೊಡನೆ, ಇನ್ನು ಮುಂದೆ ತನಗೆ ಹಣ ಕಳುಹಿಸುವುದು ಬೇಡವೆಂದು ಕೇರಿ ಸಂಘಕ್ಕೆ ಪತ್ರ ಬರೆದ. ರಾಮರಾಮ ಬಸು ಎಂಬ ಮುನ್ಷಿಯ ನೆರವಿನಿಂದ ಬಂಗಾಳಿಯನ್ನು ಕಲಿತು, ಹೊಸ ಒಡಂಬಡಿಕೆಯನ್ನು ಅನುವಾದಿಸತೊಡಗಿದ್ದು ಇಲ್ಲಿ. ಸಂಸ್ಕೃತವನ್ನೂ ಇಲ್ಲಿಯೇ ಹಿಡಿದ.

ಅದೇ ವರ್ಷ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ಸತ್ತ. ಡೊರೊಥಿ ಆ ಬಳಿಕ ಚೇತರಿಸಿಕೊಳ್ಳಲಿಲ್ಲ. ೧೭೯೫ರ ಹೊತ್ತಿಗೆ ಆಕೆಯ ಚಿತ್ತ ಕದಡಿತ್ತು. ಗಂಡ ತನಗೆ ದ್ರೋಹ ಬಗೆಯುತ್ತಿದ್ದಾನೆಂಬ ಭ್ರಮೆ ನೆಲೆಯೂರಿತು. ಪಿತ್ತ ಕೆರಳಿದಾಗ ಬೀದಿಯಲ್ಲಿಯೂ ಅವನನ್ನು ಹಿಂಬಾಲಿಸಿ ನಿಂದಿಸುತ್ತಿದ್ದಳು. ಹನ್ನೆರಡು ವರ್ಷ ಹೀಗೆಯೇ ಕಳೆದು, ೧೮೦೭ರ ಡಿಸೆಂಬರ್ ೮ರಂದು ಆಕೆ ತೀರಿಕೊಂಡಳು. ಕೊನೆಯ ವರ್ಷಗಳಲ್ಲಿ ಆಕೆಯನ್ನು ಕೋಣೆಯೊಂದರಲ್ಲಿ ಇರಿಸಬೇಕಾಗಿತ್ತು. ಪಕ್ಕದ ಕೋಣೆಯಲ್ಲಿ ಅನುವಾದದ ಕೆಲಸ ಸಾಗುತ್ತಿತ್ತು. ಕೇರಿಯ ಸಾಧನೆಯನ್ನು ಹೊಗಳುವ ಹಳೆಯ ಜೀವನಚರಿತ್ರೆಗಳು ಡೊರೊಥಿಯನ್ನು ಗಂಡನ ದಾರಿಯ ಮುಳ್ಳೆಂಬಂತೆ ಚಿತ್ರಿಸಿ ಮುಂದೆ ಸಾಗುತ್ತವೆ. ಒಲ್ಲದ ಪ್ರಯಾಣಕ್ಕೆ ಹೊರಡಿಸಲ್ಪಟ್ಟು, ಭಾಷೆ ತಿಳಿಯದ ನಾಡಿನಲ್ಲಿ ಮಗುವನ್ನು ಮಣ್ಣು ಮಾಡಿದ ಹೆಂಗಸಿಗೆ ಇದು ನ್ಯಾಯವಲ್ಲ. ಆಕೆಯನ್ನು ಆಶ್ರಮಗಳಿಗೆ ಸಾಗಹಾಕದೆ ಕೊನೆಯವರೆಗೂ ಮನೆಯಲ್ಲಿಯೇ ನೋಡಿಕೊಂಡ ಗಂಡನ ತಾಳ್ಮೆಯೂ ಅಷ್ಟೇ ನಿಜ.

ಶ್ರೀರಾಮಪುರ

೧೭೯೯ರಲ್ಲಿ ಶಾಲಾ ಉಪಾಧ್ಯಾಯ ಜೋಷುವಾ ಮಾರ್ಷ್‌ಮನ್, ಆತನ ಪತ್ನಿ ಹಾನ್ನಾ, ಮುದ್ರಕ ವಿಲಿಯಂ ವಾರ್ಡ್ ಮೊದಲಾದವರು ಇಂಗ್ಲೆಂಡಿನಿಂದ ಬಂದರು. ಕಂಪನಿಯ ಸೀಮೆಯಲ್ಲಿ ಅವರಿಗೆ ಎಡೆಯಿರಲಿಲ್ಲ. ಹೂಗ್ಲಿ ನದಿಯ ದಡದ ಶ್ರೀರಾಮಪುರ ಆಗ ಡೆನ್ಮಾರ್ಕಿನ ಅಧೀನದಲ್ಲಿತ್ತು. ಅಲ್ಲಿನ ಡೇನಿಷ್ ಗವರ್ನರ್ ಆಶ್ರಯ ಕೊಟ್ಟ. ೧೮೦೦ರ ಜನವರಿ ೧೦ರಂದು ಕೇರಿಯೂ ಅಲ್ಲಿಗೆ ಬಂದು ನೆಲೆಸಿದ. ಕೇರಿ, ಮಾರ್ಷ್‌ಮನ್, ವಾರ್ಡ್ ಈ ಮೂವರ ಕೂಟವು ಶ್ರೀರಾಮಪುರದ ತ್ರಯರೆಂದು ಹೆಸರಾಯಿತು. ಎಲ್ಲರ ಗಳಿಕೆಯೂ ಒಂದೇ ಗಂಟಿಗೆ ಸೇರಬೇಕು, ಊಟ ಒಂದೇ ಪಂಕ್ತಿಯಲ್ಲಿ ನಡೆಯಬೇಕು ಎಂಬುದು ಅವರ ಕಟ್ಟಳೆ.

ಮುದ್ರಣಾಲಯದ ಯಶಸ್ಸಿಗೆ ಈ ಮೂವರಷ್ಟೇ ಕಾರಣನಾದವನು ಪಂಚಾನನ ಕರ್ಮಕಾರ. ಹಾಲ್‌ಹೆಡ್‌ನ ಬಂಗಾಳಿ ವ್ಯಾಕರಣಕ್ಕಾಗಿ (೧೭೭೮) ಚಾರ್ಲ್ಸ್ ವಿಲ್ಕಿನ್ಸನ ಜೊತೆಗೆ ಬಂಗಾಳಿ ಅಚ್ಚಿನ ಮೊಳೆಗಳನ್ನು ತಯಾರಿಸಿದ್ದ ಕುಶಲಿ ಈತ. ಶ್ರೀರಾಮಪುರದಲ್ಲಿ ನಾಗರಿ ಮೊದಲಾದ ಲಿಪಿಗಳ ಪಡಿಯಚ್ಚುಗಳನ್ನು ಕೊರೆದ. ಅವನ ತರುವಾಯ ಅಳಿಯ ಮನೋಹರ ಆ ಕೆಲಸವನ್ನು ಮುಂದುವರಿಸಿದ. ಬಂಗಾಳಿ ಹೊಸ ಒಡಂಬಡಿಕೆ ೧೮೦೧ರಲ್ಲಿ ಹೊರಬಂದಿತು. ಮುಂದಿನ ಮೂರು ದಶಕಗಳಲ್ಲಿ ಬೈಬಲು ಇಡಿಯಾಗಿಯೋ ಭಾಗವಾಗಿಯೋ ಮೂವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಇಲ್ಲಿಂದ ಪ್ರಕಟವಾಯಿತು. ಇಷ್ಟು ಭಾಷೆಗಳನ್ನು ಒಬ್ಬ ಮನುಷ್ಯ ಬಲ್ಲನೇ ಎಂಬ ಸಂದೇಹ ಸಹಜ. ಹಲವು ಅನುವಾದಗಳು ಆಯಾ ನಾಡಿನ ಪಂಡಿತರು ಸಂಸ್ಕೃತ ಅಥವಾ ಬಂಗಾಳಿಯ ಮೂಲಕ ಸಿದ್ಧಪಡಿಸಿದಂಥವು. ಕೇರಿ ಅವನ್ನು ತಿದ್ದುತ್ತಿದ್ದ. ಅವಸರದ ಕೆಲಸದಲ್ಲಿ ದೋಷಗಳು ಉಳಿದವು. ಅನೇಕವನ್ನು ಮುಂದಿನ ತಲೆಮಾರಿನವರು ಹೊಸದಾಗಿಯೇ ಮಾಡಬೇಕಾಯಿತು.

೧೮೦೧ರಲ್ಲಿ ಕೇರಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ ೫೦೦ ರೂಪಾಯಿ ಸಂಬಳದ ಮೇಲೆ ಬಂಗಾಳಿ ಅಧ್ಯಾಪಕನಾದ. ಕಂಪನಿಯ ಎಳೆಯ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸುವ ಸಂಸ್ಥೆ ಇದು. ಪರವಾನಗಿ ಇಲ್ಲದೆ ಬಂದು ಕದ್ದುಮುಚ್ಚಿ ಬದುಕಿದ್ದವನು ಎಂಟೇ ವರ್ಷಗಳಲ್ಲಿ ಅದೇ ಕಂಪನಿಯ ಪಂಡಿತನಾದ. ಕಲಿಸಲು ಹೋದಾಗ ಓದಿಸಲು ಗದ್ಯದ ಪುಸ್ತಕಗಳೇ ಇರಲಿಲ್ಲ. ಅಂದಿನವರೆಗೆ ಬಂಗಾಳಿ ಸಾಹಿತ್ಯವೆಂದರೆ ಬಹುಮಟ್ಟಿಗೆ ಪದ್ಯ. ಕೇರಿ ತನ್ನ ಪಂಡಿತರಿಂದ ಬರೆಯಿಸಿದ. ರಾಮರಾಮ ಬಸುವಿನ ಪ್ರತಾಪಾದಿತ್ಯ ಚರಿತ್ರೆ ೧೮೦೧ರಲ್ಲಿ ಅಚ್ಚಾಯಿತು. ಮೃತ್ಯುಂಜಯ ವಿದ್ಯಾಲಂಕಾರನ ಕೃತಿಗಳು ಅನಂತರ ಬಂದವು. ಅದೇ ವರ್ಷ ಕೇರಿಯ ಹೆಸರಿನಲ್ಲಿ ಪ್ರಕಟವಾದ ‘ಕಥೋಪಕಥನ’ ಕುತೂಹಲದ ಪುಸ್ತಕ. ಕೂಲಿಯಾಳುಗಳು, ಸಾಲಗಾರರು, ಬೆಸ್ತರು, ಜಗಳವಾಡುವ ಹೆಂಗಸರು, ಇವರೆಲ್ಲರ ಆಡುಮಾತಿನ ಸಂಭಾಷಣೆಗಳು ಅದರಲ್ಲಿವೆ. ಪಾಠಪುಸ್ತಕಕ್ಕೆ ಬೀದಿಯ ಮಾತನ್ನು ತರುವ ಧೈರ್ಯವನ್ನು ಆ ಕಾಲದಲ್ಲಿ ಹೆಚ್ಚು ಜನ ತೋರಿದವರಲ್ಲ.

ಬಂಗಾಳಿ, ಮರಾಠಿ, ಸಂಸ್ಕೃತ, ಪಂಜಾಬಿ, ತೆಲುಗು ವ್ಯಾಕರಣಗಳು, ಮರಾಠಿ ನಿಘಂಟು (೧೮೧೦), ಬಂಗಾಳಿಯ ದೊಡ್ಡ ನಿಘಂಟು, ಮಾರ್ಷ್‌ಮನ್ ಜೊತೆಗೂಡಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸತೊಡಗಿ ಅಪೂರ್ಣವಾಗಿ ನಿಂತ ವಾಲ್ಮೀಕಿ ರಾಮಾಯಣ ಇವು ಈತನ ಇತರ ಮುಖ್ಯ ಕೃತಿಗಳು. ಹಿರಿಯ ಮಗ ಫೆಲಿಕ್ಸ್ ಬಂಗಾಳಿಯಲ್ಲಿ ವಿಶ್ವಕೋಶವೊಂದನ್ನು ಆರಂಭಿಸಿದ್ದ. ಅಂಗರಚನಾಶಾಸ್ತ್ರದ ಸಂಪುಟ ಹೊರಬಂದಿತು, ಆದರೆ ೧೮೨೨ರಲ್ಲಿ ಅವನು ಅಕಾಲ ಮರಣ ಹೊಂದಿದ್ದರಿಂದ ಕೆಲಸ ನಿಂತಿತು. ಶ್ರೀರಾಮಪುರದ ಬಂಗಾಳಿ ವಾರಪತ್ರಿಕೆ ‘ಸಮಾಚಾರ ದರ್ಪಣ’ ೧೮೧೮ರಲ್ಲಿ ಹುಟ್ಟಿತು; ಅದರ ಹೊಣೆ ಹೊತ್ತವನು ಮಾರ್ಷ್‌ಮನ್‌ನ ಮಗ ಜಾನ್ ಕ್ಲಾರ್ಕ್ ಮಾರ್ಷ್‌ಮನ್. ಅದೇ ವರ್ಷ ಸ್ಥಾಪಿತವಾದ ಶ್ರೀರಾಮಪುರ ಕಾಲೇಜಿಗೆ ಜಾತಿ ಮತಗಳ ಭೇದವಿಲ್ಲದೆ ಪ್ರವೇಶವಿತ್ತು. ೧೮೨೭ರಲ್ಲಿ ಡೆನ್ಮಾರ್ಕಿನ ದೊರೆ ಅದಕ್ಕೆ ಪದವಿ ನೀಡುವ ಅಧಿಕಾರವನ್ನು ಕೊಟ್ಟ.

೧೮೧೨ರ ಬೆಂಕಿ

೧೮೧೨ರ ಮಾರ್ಚ್ ೧೧ರ ಸಂಜೆ ಮುದ್ರಣಾಲಯದ ಕಾಗದದ ಉಗ್ರಾಣದಲ್ಲಿ ಬೆಂಕಿ ಕಾಣಿಸಿಕೊಂಡಿತು. ಕೇರಿ ಅಂದು ಕಲ್ಕತ್ತೆಯಲ್ಲಿದ್ದ. ಬಾಗಿಲು ಕಿಟಕಿಗಳನ್ನು ಮುಚ್ಚಿ, ಮಾಡಿನ ಮೇಲಿನಿಂದ ನೀರು ಹೊಯ್ದು ವಾರ್ಡ್ ಬೆಂಕಿಯನ್ನು ಬಹಳ ಹೊತ್ತು ತಡೆದಿದ್ದ. ಯಾರೋ ಕಿಟಕಿ ತೆರೆದದ್ದರಿಂದ ಗಾಳಿ ನುಗ್ಗಿ ಕಟ್ಟಡವೆಲ್ಲ ಹೊತ್ತಿಕೊಂಡಿತು. ನಡುರಾತ್ರಿಯ ವೇಳೆಗೆ ಮಾಡು ಕುಸಿಯಿತು. ಹಲವು ಲಿಪಿಗಳ ಮೊಳೆಗಳು, ಇಂಗ್ಲೆಂಡಿನಿಂದ ಬಂದಿದ್ದ ಕಾಗದದ ದಾಸ್ತಾನು, ಎಲ್ಲಕ್ಕಿಂತ ಮಿಗಿಲಾಗಿ ಹಸ್ತಪ್ರತಿಗಳು ಸುಟ್ಟುಹೋದವು.

ಮರುದಿನ ಮಾರ್ಷ್‌ಮನ್ ಕಲ್ಕತ್ತೆಗೆ ಹೋಗಿ ಸುದ್ದಿ ತಿಳಿಸಿದ. ಹಣದ ನಷ್ಟವನ್ನು ಸುಮಾರು ಹತ್ತು ಸಾವಿರ ಪೌಂಡಿನ ಹತ್ತಿರ ಎಣಿಸಲಾಯಿತು. ಹಣದಿಂದ ತುಂಬಿಕೊಳ್ಳಲಾಗದ ನಷ್ಟ ಬೇರೆ ಇತ್ತು. ಸಂಸ್ಕೃತವನ್ನೂ ಅದಕ್ಕೆ ಸಂಬಂಧಿಸಿದ ಭಾರತೀಯ ಭಾಷೆಗಳನ್ನೂ ಜೊತೆಗಿಟ್ಟು ಕೇರಿ ವರ್ಷಗಟ್ಟಲೆ ಸಿದ್ಧಪಡಿಸುತ್ತಿದ್ದ ಬಹುಭಾಷಾ ನಿಘಂಟಿನ ಹಸ್ತಪ್ರತಿ ಬೂದಿಯಾಯಿತು. ತೆಲುಗು ವ್ಯಾಕರಣ, ಪಂಜಾಬಿ ವ್ಯಾಕರಣದ ಬಹುಭಾಗ, ರಾಮಾಯಣದ ಅನುವಾದದ ಒಂದು ವರ್ಷದ ದುಡಿಮೆ ಹೋಯಿತು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಅಂದೇ ಸುಟ್ಟಿತು. ನಿಘಂಟನ್ನು ಕೇರಿ ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಭಾರತೀಯ ಭಾಷೆಗಳ ಹೋಲಿಕೆಯ ಅಧ್ಯಯನ ಹುಟ್ಟುವ ಮೊದಲೇ ಸಿದ್ಧವಾಗುತ್ತಿದ್ದ ಇಂಥದೊಂದು ಕೃತಿ ಉಳಿದಿದ್ದರೆ ಆ ಶಾಸ್ತ್ರದ ಚರಿತ್ರೆಯಲ್ಲಿ ಅದಕ್ಕೊಂದು ಸ್ಥಾನವಿರುತ್ತಿತ್ತು.

ಬೂದಿಯನ್ನು ಕೆದಕಿದಾಗ ಪಡಿಯಚ್ಚುಗಳು ಕೆಡದೆ ಉಳಿದಿರುವುದು ತಿಳಿಯಿತು. ಮುದ್ರಣ ಯಂತ್ರಗಳೂ ಉಳಿದಿದ್ದವು. ಕರಗಿ ಗಟ್ಟಿಯಾಗಿದ್ದ ಸೀಸವನ್ನು ಆಯ್ದು, ಕೆಲಸಗಾರರು ಹಗಲುರಾತ್ರಿ ದುಡಿದು ಹೊಸ ಮೊಳೆಗಳನ್ನು ಎರಕ ಹೊಯ್ದರು. ಕೆಲವೇ ತಿಂಗಳಲ್ಲಿ ಮುದ್ರಣ ಮೊದಲಿನಂತೆ ನಡೆಯತೊಡಗಿತು. ಸುದ್ದಿ ಬ್ರಿಟನ್ನಿಗೆ ಮುಟ್ಟಿದ ಸುಮಾರು ಎರಡು ತಿಂಗಳೊಳಗೆ ನಷ್ಟದಷ್ಟು ಹಣ ಅಲ್ಲಿ ಕೂಡಿತು. ಅದುವರೆಗೆ ಸಣ್ಣ ಪಂಥವೊಂದರ ವಲಯದಲ್ಲಿ ಮಾತ್ರ ಪರಿಚಿತವಾಗಿದ್ದ ಶ್ರೀರಾಮಪುರ ಈ ಬೆಂಕಿಯಿಂದ ಮನೆಮಾತಾಯಿತು. ತೆಲುಗು ವ್ಯಾಕರಣವನ್ನು ಕೇರಿ ಮತ್ತೆ ಬರೆದು ೧೮೧೪ರಲ್ಲಿ ಪ್ರಕಟಿಸಿದ.

ಕನ್ನಡ ವ್ಯಾಕರಣ

ಬೆಂಕಿಯಾಗಿ ಐದು ವರ್ಷಗಳ ಮೇಲೆ, ೧೮೧೭ರಲ್ಲಿ, ‘ಕರ್ನಾಟ’ ಭಾಷೆಯ ವ್ಯಾಕರಣ ಎಂಬ ಅರ್ಥದ ಹೆಸರಿನಿಂದ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕೇಶಿರಾಜನ ಶಬ್ದಮಣಿದರ್ಪಣದಂತೆ ಇದು ಕನ್ನಡ ಬಲ್ಲವರಿಗಾಗಿ ರಚಿತವಾದುದಲ್ಲ. ಭಾಷೆಯನ್ನು ಹೊಸದಾಗಿ ಕಲಿಯುವ ಇಂಗ್ಲಿಷರಿಗಾಗಿ ಬರೆದದ್ದು. ಕನ್ನಡ ನಾಡಿನಿಂದ ಬಹುದೂರದ ಹೂಗ್ಲಿಯ ದಡದಲ್ಲಿ, ಪಂಡಿತರ ನೆರವನ್ನೇ ನೆಚ್ಚಿಕೊಂಡು ಬರೆದ ಈ ಪುಸ್ತಕ ಆಳದಲ್ಲಿ ಮುಂದಿನ ಕೃತಿಗಳಿಗೆ ಸಾಟಿಯಾಗಲಾರದು. ಮೂರು ವರ್ಷಗಳ ಬಳಿಕ ಮದರಾಸಿನಲ್ಲಿ ಮ್ಯಾಕೆರೆಲ್‌ನ ವ್ಯಾಕರಣ ಬಂದಿತು. ರೀವ್‌ನ ನಿಘಂಟು ಅನಂತರದ್ದು. ಕಿಟ್ಟೆಲ್‌ನ ಮಹಾನಿಘಂಟು ೧೮೯೪ರದು. ಈ ಸಾಲಿನ ಆರಂಭದಲ್ಲಿ ನಿಲ್ಲುವುದೇ ಕೇರಿಯ ಪುಸ್ತಕದ ಮಹತ್ವ.

ಸಸ್ಯಶಾಸ್ತ್ರ

ಭಾಷೆಯಷ್ಟೇ ಕೇರಿಗೆ ಪ್ರಿಯವಾಗಿದ್ದುದು ತೋಟ. ಶ್ರೀರಾಮಪುರದಲ್ಲಿ ಸುಮಾರು ಐದು ಎಕರೆಯಲ್ಲಿ ಶಾಸ್ತ್ರೀಯ ಕ್ರಮದ ಸಸ್ಯೋದ್ಯಾನವನ್ನು ಬೆಳೆಸಿದ. ಇಂಗ್ಲೆಂಡಿಗೆ ಬರೆದ ಪತ್ರಗಳಲ್ಲಿ ಬೀಜ, ಗೆಡ್ಡೆಗಳನ್ನು ಕಳುಹಿಸಿರೆಂಬ ಬೇಡಿಕೆ ಮತ್ತೆ ಮತ್ತೆ ಬರುತ್ತದೆ. ಕಲ್ಕತ್ತೆಯ ಸಸ್ಯೋದ್ಯಾನದ ವಿಲಿಯಂ ರಾಕ್ಸ್‌ಬರ್ಗ್ ಆಪ್ತಮಿತ್ರ. ಆತ ಅಸ್ವಸ್ಥನಾಗಿ ಸ್ವದೇಶಕ್ಕೆ ಮರಳಿದ ಮೇಲೆ ಅವನ ಉದ್ಯಾನ ಸಸ್ಯಪಟ್ಟಿಯನ್ನೂ (೧೮೧೪) ‘ಫ್ಲೋರಾ ಇಂಡಿಕಾ’ ಗ್ರಂಥವನ್ನೂ ಸಂಪಾದಿಸಿ ಅಚ್ಚು ಹಾಕಿಸಿದವನು ಕೇರಿ. ೧೮೨೦ರಲ್ಲಿ ಕಲ್ಕತ್ತೆಯಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದ. ಬೇಸಾಯದ ಸುಧಾರಣೆ ಅದರ ಉದ್ದೇಶ.

ರಾಕ್ಸ್‌ಬರ್ಗ್ ಒಂದು ಸಸ್ಯಕುಲಕ್ಕೆ ‘ಕೇರಿಯಾ’ ಎಂದು ಗೆಳೆಯನ ಹೆಸರಿಟ್ಟ. ನಮ್ಮ ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ, ನಾರುಳ್ಳ ತೊಗಟೆಯ ಕವಲು ಮರದ ಶಾಸ್ತ್ರೀಯ ನಾಮ ‘ಕೇರಿಯಾ ಅರ್ಬೋರಿಯಾ’. ಕರ್ನಾಟಕಕ್ಕೆ ಎಂದೂ ಕಾಲಿಡದವನ ಹೆಸರು ಹೀಗೆ ಇಲ್ಲಿನ ಕಾಡಿನಲ್ಲಿದೆ.

ಸತಿಪದ್ಧತಿಯ ವಿರೋಧ

ಕೇರಿ ೧೭೯೯ರಲ್ಲಿ ಹೂಗ್ಲಿಯ ದಡದಲ್ಲಿ ಸಹಗಮನವನ್ನು ಕಣ್ಣಾರೆ ಕಂಡ. ತಡೆಯಲು ಅಂಗಲಾಚಿದ, ಆಗಲಿಲ್ಲ. ಅಂದಿನಿಂದ ಕಲ್ಕತ್ತೆಯ ಸುತ್ತಮುತ್ತ ನಡೆಯುತ್ತಿದ್ದ ಸಹಗಮನಗಳನ್ನು ಜನರನ್ನು ನೇಮಿಸಿ ಎಣಿಸಿ, ಪಂಡಿತರಿಂದ ಶಾಸ್ತ್ರವಚನಗಳನ್ನು ಸಂಗ್ರಹಿಸಿ ಸರ್ಕಾರಕ್ಕೆ ಸಲ್ಲಿಸಿದ. ಕಂಪನಿ ಇಪ್ಪತ್ತೈದು ವರ್ಷಗಳ ಕಾಲ ಹಿಂದೆಮುಂದೆ ನೋಡಿತು. ಈ ನಡುವೆ ರಾಮಮೋಹನ ರಾಯರು ದೇಶೀಯರ ಒಳಗಿನಿಂದಲೇ ಎಬ್ಬಿಸಿದ ವಾದವು ವಾತಾವರಣವನ್ನು ಬದಲಿಸಿತು. ಕಾಯಿದೆಯ ಶ್ರೇಯಸ್ಸಿನಲ್ಲಿ ಅವರ ಪಾಲು ದೊಡ್ಡದು. ಧರ್ಮದ ವಿಷಯದಲ್ಲಿ ಶ್ರೀರಾಮಪುರದವರಿಗೂ ರಾಯರಿಗೂ ಕಟುವಾದ ವಾಗ್ವಾದವೇ ನಡೆದಿದ್ದರೂ ಈ ಒಂದು ವಿಷಯದಲ್ಲಿ ಅವರ ದನಿ ಕೂಡಿತ್ತು.

ಗವರ್ನರ್ ಜನರಲ್ ಬೆಂಟಿಂಕ್ ೧೮೨೯ರ ಡಿಸೆಂಬರ್ ೪ರಂದು ಸತಿಪದ್ಧತಿಯನ್ನು ನಿಷೇಧಿಸಿದ. ಸರ್ಕಾರದ ಬಂಗಾಳಿ ಅನುವಾದಕನಾಗಿದ್ದ ಕೇರಿಗೆ ಆಜ್ಞೆಯ ಪ್ರತಿ ತಲುಪಿದ್ದು ಭಾನುವಾರ ಬೆಳಿಗ್ಗೆ, ಪ್ರಾರ್ಥನೆಯ ಹೊತ್ತಿಗೆ. ಅನುವಾದ ತಡವಾದರೆ ಆ ತಡದಲ್ಲಿಯೇ ಯಾವಳೋ ಒಬ್ಬ ಹೆಂಗಸು ಚಿತೆ ಏರಬಹುದು. ಉಪದೇಶವನ್ನು ಬೇರೆಯವರಿಗೆ ಒಪ್ಪಿಸಿ, ಪಂಡಿತನೊಬ್ಬನನ್ನು ಕೂರಿಸಿಕೊಂಡು, ಕತ್ತಲಾಗುವ ಮೊದಲು ಅನುವಾದವನ್ನು ಮುಗಿಸಿಕೊಟ್ಟ. ಆಗ ಅವನಿಗೆ ಅರವತ್ತೆಂಟು ವರ್ಷ.

ಕೊನೆಯ ವರ್ಷಗಳು

ಡೊರೊಥಿಯ ಮರಣಾನಂತರ ೧೮೦೮ರಲ್ಲಿ ಕೇರಿ, ಶ್ರೀರಾಮಪುರದಲ್ಲಿ ನೆಲೆಸಿದ್ದ ಷಾರ್ಲಟ್ ರೂಮರ್ ಎಂಬ ವಿದ್ಯಾವಂತೆಯನ್ನು ಮದುವೆಯಾದ. ಹದಿಮೂರು ವರ್ಷಗಳ ಆ ದಾಂಪತ್ಯ ನೆಮ್ಮದಿಯದಾಗಿತ್ತು. ಆಕೆ ೧೮೨೧ರಲ್ಲಿ ತೀರಿಕೊಂಡಳು. ಮರುವರ್ಷ ಗ್ರೇಸ್ ಹ್ಯೂಸ್ ಎಂಬ ವಿಧವೆಯೊಡನೆ ಮೂರನೆಯ ಮದುವೆ ಆಯಿತು. ೧೮೨೩ರಲ್ಲಿ ವಾರ್ಡ್ ಕಾಲರಾದಿಂದ ಸತ್ತ. ಅದೇ ವರ್ಷದ ಪ್ರವಾಹದಲ್ಲಿ ಕೇರಿಯ ತೋಟ ಹಾಳಾಯಿತು.

ಇಂಗ್ಲೆಂಡಿನ ಸಂಘದೊಡನೆ ಉಂಟಾದ ಜಗಳವೇ ಹೆಚ್ಚು ನೋವಿನದು. ಹಳೆಯ ಕಾರ್ಯದರ್ಶಿ ಆಂಡ್ರ್ಯೂ ಫುಲ್ಲರ್ ೧೮೧೫ರಲ್ಲಿ ಸತ್ತ ಬಳಿಕ ಬಂದ ಹೊಸಬರು, ಶ್ರೀರಾಮಪುರದ ಆಸ್ತಿಯ ಒಡೆತನ ಯಾರದೆಂದು ಲೆಕ್ಕ ಕೇಳತೊಡಗಿದರು. ಹೊಸದಾಗಿ ಬಂದ ಕಿರಿಯರು ಹಿರಿಯರೊಡನೆ ಹೊಂದಿಕೊಳ್ಳದೆ ಕಲ್ಕತ್ತೆಗೆ ಹೋಗಿ ಬೇರೆಯೇ ನೆಲೆ ಮಾಡಿಕೊಂಡರು. ಅವರಲ್ಲಿ ಕೇರಿಯ ತಮ್ಮನ ಮಗ ಯೂಸ್ಟೇಸ್ ಕೇರಿಯೂ ಇದ್ದ. ಹಣವನ್ನು ತಮಗಾಗಿ ಕೂಡಿಟ್ಟುಕೊಂಡಿದ್ದಾರೆಂಬ ಆಪಾದನೆಯನ್ನು ಕೇರಿ ಕೇಳಬೇಕಾಯಿತು. ಕಾಲೇಜಿನ ಸಂಬಳವನ್ನೆಲ್ಲ ಮೂವತ್ತು ವರ್ಷ ಸಾಮೂಹಿಕ ಗಂಟಿಗೆ ಹಾಕಿದವನಿಗೆ ಈ ಮಾತು. ೧೮೨೭ರಲ್ಲಿ ಶ್ರೀರಾಮಪುರ ಸಂಘದಿಂದ ಬೇರೆಯಾಯಿತು. ೧೮೩೦ರಿಂದ ಕಲ್ಕತ್ತೆಯ ದೊಡ್ಡ ದೊಡ್ಡ ವ್ಯಾಪಾರದ ಕೋಠಿಗಳು ಒಂದರ ಹಿಂದೊಂದು ದಿವಾಳಿಯಾದಾಗ ಅಲ್ಲಿ ಇಟ್ಟಿದ್ದ ಹಣವೂ ಮುಳುಗಿತು. ಅದೇ ಸಮಯಕ್ಕೆ ಫೋರ್ಟ್ ವಿಲಿಯಂ ಕಾಲೇಜಿನ ಅಧ್ಯಾಪಕ ಹುದ್ದೆಯೂ ಹೋಯಿತು.

ಬಂಗಾಳಿ ಬೈಬಲಿನ ಕೊನೆಯ ಪರಿಷ್ಕರಣವನ್ನು ಮುಗಿಸಿದ ಮೇಲೆ ಕೇರಿ ಹಾಸಿಗೆ ಹಿಡಿದ. ನಡೆಯಲಾಗದಿದ್ದಾಗ ಕುರ್ಚಿಯಲ್ಲಿ ಕುಳ್ಳಿರಿಸಿ ತೋಟಕ್ಕೆ ಕೊಂಡೊಯ್ಯುತ್ತಿದ್ದರು. ೧೮೩೪ರ ಜೂನ್ ೯ರ ಬೆಳಿಗ್ಗೆ ಪ್ರಾಣ ಬಿಟ್ಟ. ಶ್ರೀರಾಮಪುರದಲ್ಲಿಯೇ, ಷಾರ್ಲಟಳ ಸಮಾಧಿಯ ಬಳಿ ಮಣ್ಣು ಮಾಡಲಾಯಿತು. ಕಲ್ಲಿನ ಮೇಲೆ ಹೆಸರು, ಹುಟ್ಟು ಸಾವಿನ ದಿನಗಳು ಮತ್ತು ಪ್ರಾರ್ಥನಾಗೀತೆಯೊಂದರ ಎರಡು ಸಾಲುಗಳ ಹೊರತು ಬೇರೇನನ್ನೂ ಕೆತ್ತಬಾರದೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ಚಿಪ್ಪು, ಹವಳ, ಕೀಟಗಳ ಸಂಗ್ರಹವು ಉಯಿಲಿನ ಪ್ರಕಾರ ಕಾಲೇಜಿಗೆ ಸೇರಿತು. ಮಗ ಜಾಬೆಜ್‌ಗೆ ಕೊಡಬೇಕೆಂದಿದ್ದ ೧೫೦೦ ರೂಪಾಯಿ ಕೈಯಲ್ಲಿರಲಿಲ್ಲ. ಪುಸ್ತಕಗಳನ್ನು ಮಾರಿ ಆ ಹಣವನ್ನು ಹೊಂದಿಸಬೇಕೆಂದು ಬರೆದಿದ್ದ.